ಹತ್ತಿರದ್ದನ್ನು ನೋಡಿದ ಮೂವರು

ಮಹನೀಯರ ಜೀವನಚರಿತ್ರೆ ಎಂದೊಡನೆ ನಮ್ಮ ಮನಸ್ಸು ದೂರದೇಶಗಳಿಗೆ ಹಾರುತ್ತದೆ. ತತ್ತ್ವಜ್ಞಾನಿಯೆಂದರೆ ಅಥೆನ್ಸಿನ ಬೀದಿಗಳಲ್ಲಿ ಪ್ರಶ್ನೆ ಕೇಳುತ್ತ ನಡೆದ ಸಾಕ್ರೆಟಿಸ್. ವಿಜ್ಞಾನಿಯೆಂದರೆ ದೂರದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತ ಗೆಲಿಲಿಯೊ. ವಾಸ್ತುಶಿಲ್ಪಿಯೆಂದರೆ ರೋಮಿನ ಮಹಾಗುಮ್ಮಟವನ್ನು ಕಲ್ಪಿಸಿದ ಮೈಕೆಲ್ ಆಂಜೆಲೊ. ಇವರ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಇಂಥ ಹೆಸರುಗಳನ್ನೇ ಓದಿ ಓದಿ ನಮ್ಮ ತರುಣರಲ್ಲಿ ಒಂದು ವಿಚಿತ್ರವಾದ ನಂಬಿಕೆ ಬೇರೂರಿಬಿಟ್ಟಿದೆ. ಜ್ಞಾನವೆಂಬುದು ಎಲ್ಲಿಯೋ ದೂರದಲ್ಲಿ ಹುಟ್ಟಿ, ಪಠ್ಯಪುಸ್ತಕದ ರೂಪದಲ್ಲಿ ನಮ್ಮೂರಿನ ಬಸ್‌ನಿಲ್ದಾಣಕ್ಕೆ ಬಂದಿಳಿಯುವ ಸರಕು ಎಂಬುದೇ ಆ ನಂಬಿಕೆ. “ನಮ್ಮ ಕಾರವಾರದಲ್ಲಿ ಏನಿದೆ? ಮಳೆ, ಮೀನು, ಮರಳು” ಎಂದು ಅವರು ನಿಟ್ಟುಸಿರು ಬಿಡುವುದುಂಟು.

ಆ ಮಾತಿಗೆ ಉತ್ತರವಾಗಿ ಈ ವಾರ ಮೂವರ ಬಾಳನ್ನು ವಾಚಕರ ಮುಂದಿಡುತ್ತಿದ್ದೇನೆ. ಒಬ್ಬರು ಬಂಗಾಳದ ಕವಿ, ದಾರ್ಶನಿಕರು. ಇನ್ನೊಬ್ಬರು ಐರ್ಲೆಂಡಿನಿಂದ ಬಂದ ಅರಣ್ಯಾಧಿಕಾರಿ. ಮೂರನೆಯವರು ಅಂಕೋಲೆಯ ಹಳ್ಳಿಯೊಂದರಲ್ಲಿ ಹುಟ್ಟಿ ಅಲ್ಲಿಯೇ ಬಾಳಿ ತೀರಿಕೊಂಡ ಹೆಣ್ಣುಮಗಳು. ಮೂವರ ಭಾಷೆ ಬೇರೆ, ಅಂತಸ್ತು ಬೇರೆ, ಕಾಲವೂ ಬೇರೆ. ಆದರೆ ಕಾರವಾರದಿಂದ ಅಂಕೋಲೆಯವರೆಗಿನ ಸುಮಾರು 35 ಕಿಲೋಮೀಟರ್ ನೆಲ, ಅದರ ಬೆನ್ನಿಗಿರುವ ಸಹ್ಯಾದ್ರಿಯ ಕಾಡು, ಇವೇ ಮೂವರಿಗೂ ಪಾಠಶಾಲೆಯಾದವು.

ಇಪ್ಪತ್ತೆರಡರ ಕವಿ

ಕನ್ನಡ ಜಿಲ್ಲೆ ಎರಡು ಭಾಗವಾದ ಮೇಲೆ, 1862ರಲ್ಲಿ ಉತ್ತರದ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರವು ಅದರ ಮುಖ್ಯಪಟ್ಟಣವಾಯಿತು. ಹೀಗೆ ಸರಕಾರಿ ಕಚೇರಿಗಳೂ ನ್ಯಾಯಾಲಯವೂ ಇಲ್ಲಿಗೆ ಬಂದುದರಿಂದಲೇ 1880ರ ದಶಕದಲ್ಲಿ ಸತ್ಯೇಂದ್ರನಾಥ ಠಾಕೂರರು ಇಲ್ಲಿಗೆ ಜಿಲ್ಲಾ ನ್ಯಾಯಾಧೀಶರಾಗಿ ಬಂದರು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊತ್ತಮೊದಲನೆಯ ಭಾರತೀಯರು ಅವರೇ. 1883ರಲ್ಲಿ ಅವರ ಕಿರಿಯ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಕೆಲಕಾಲ ತಂಗಿದರು. ಆಗ ಅವರಿಗೆ 22ರ ಹರೆಯ, ಇನ್ನೂ ಮದುವೆಯಾಗಿರಲಿಲ್ಲ, ನೊಬೆಲ್ ಪಾರಿತೋಷಕಕ್ಕೆ ಇನ್ನೂ 30 ವರ್ಷಗಳಿದ್ದವು.

ಅರ್ಧಚಂದ್ರಾಕಾರದ ಕಡಲದಂಡೆ, ಅದರ ಅಂಚಿಗೆ ಗಾಳಿಮರಗಳ ತೋಪು, ಎರಡು ಗುಡ್ಡಗಳ ನಡುವಿನಿಂದ ಬಂದು ಸಮುದ್ರ ಸೇರುವ ಕಾಳೀನದಿ: ಈ ನೋಟವು ಆ ತರುಣನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಒಂದು ದಿನ ದೋಣಿಯೇರಿ ಕಾಳಿಯಲ್ಲಿ ಮೇಲಕ್ಕೆ ಸಾಗಿ, ಹಳೆಯದೊಂದು ಗಿರಿದುರ್ಗವನ್ನು ನೋಡಿ, ಬೆಳದಿಂಗಳಲ್ಲಿ ಪ್ರವಾಹದೊಡನೆ ಮರಳಿ ಬಂದು, ಮರಳ ಮೇಲೆ ನಡೆದು ಮನೆ ಸೇರಿದ ಸಂಗತಿಯನ್ನು ಅವರು ಮುಂದೆ ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ.

ಕಾರವಾರದಲ್ಲಿ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ’. ಅದು 1884ರಲ್ಲಿ ಪ್ರಕಟವಾಯಿತು. ಅದರ ಕಥೆ ಸರಳವಾದುದು. ಒಬ್ಬ ಸಂನ್ಯಾಸಿ ಎಲ್ಲ ಬಂಧನಗಳನ್ನೂ ಹರಿದೊಗೆದು, ಗುಹೆಯಲ್ಲಿ ಕುಳಿತು, ಅನಂತವನ್ನು ಸಾಕ್ಷಾತ್ಕರಿಸಿಕೊಳ್ಳಲು ಹೊರಟಿದ್ದಾನೆ. ಊರೆಲ್ಲ ದೂರವಿಟ್ಟ ಒಬ್ಬ ತಬ್ಬಲಿ ಹುಡುಗಿ ಅವನನ್ನು ತಂದೆಯೆಂದು ನಂಬಿ ಹಿಂಬಾಲಿಸುತ್ತಾಳೆ. ಮಮತೆ ಎಲ್ಲಿ ತನ್ನನ್ನು ಕಟ್ಟಿಹಾಕೀತೋ ಎಂದು ಹೆದರಿ ಅವನು ಆಕೆಯನ್ನು ತೊರೆದು ಓಡುತ್ತಾನೆ. ಕೊನೆಗೆ, ತಾನು ಹುಡುಕುತ್ತಿದ್ದ ಅನಂತವು ಆ ಪುಟ್ಟ ಹುಡುಗಿಯ ಪ್ರೀತಿಯಲ್ಲಿಯೇ ಇತ್ತೆಂದು ಅರಿತು ಹಿಂದಿರುಗಿ ಬರುವಷ್ಟರಲ್ಲಿ ಆಕೆ ತೀರಿಹೋಗಿರುತ್ತಾಳೆ.

ಮುಂದೆ ಹಿರಿಯ ವಯಸ್ಸಿನಲ್ಲಿ ಹಿಂದಿರುಗಿ ನೋಡಿದ ಠಾಕೂರರಿಗೆ, ತಮ್ಮ ಆ ಮೇಲಿನ ಸಾಹಿತ್ಯಕ್ಕೆಲ್ಲ ಈ ನಾಟಕವೇ ಪೀಠಿಕೆಯಂತೆ ಕಂಡಿತು. ಸೀಮೆಯೊಳಗೆ ನಿಸ್ಸೀಮವನ್ನು ಕಾಣುವ ಆನಂದ, ಇದೇ ಅವರ ದರ್ಶನದ ತಿರುಳು. ಆ ತಿರುಳಿಗೆ ಮೊದಲ ಮೊಳಕೆ ಬಂದದ್ದು ನಮ್ಮ ಕಾರವಾರದ ದಂಡೆಯ ಮೇಲೆ. ಇಂದು ಆ ದಂಡೆಗೆ ಠಾಕೂರರ ಹೆಸರಿದೆ. ಸಂಜೆಯ ಹೊತ್ತು ಅಲ್ಲಿ ತಿರುಗಾಡುವವರು ಹಲವರು. ಆದರೆ ಆ ಹೆಸರು ಅಲ್ಲಿಗೆ ಏಕೆ ಬಂತೆಂಬುದನ್ನು ಮಕ್ಕಳಿಗೆ ಹೇಳುವ ತಂದೆತಾಯಿಗಳು ಎಷ್ಟು ಮಂದಿಯೋ!

ಹುಳುಗಳನ್ನು ಸಾಕಿದ ಸಾಹೇಬರು

ಠಾಕೂರರು ಕಾರವಾರಕ್ಕೆ ಬಂದ ಅದೇ 1883ರಲ್ಲಿ, ಮುಂಬಯಿಯಲ್ಲಿ ಎಂಟು ಮಂದಿ ಕೂಡಿ ನಿಸರ್ಗೇತಿಹಾಸ ಸಂಘವನ್ನು ಸ್ಥಾಪಿಸಿದರು. ಇಂದಿಗೂ ಕೆಲಸ ಮಾಡುತ್ತಿರುವ ಬಾಂಬೇ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅದೇ. ಆ ಎಂಟು ಮಂದಿಯಲ್ಲಿ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್ ಎಂಬವರೂ ಒಬ್ಬರು. ಸಾತಾರೆಯಲ್ಲಿ 1851ರಲ್ಲಿ ಹುಟ್ಟಿದ ಇವರು ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಗಳಾಗಿ ಉತ್ತರ ಕನ್ನಡದಲ್ಲಿಯೂ ಸೇವೆ ಸಲ್ಲಿಸಿದರು, ಇ.ಎಚ್.ಎ. ಎಂಬ ಮೂರಕ್ಷರದ ಹೆಸರಿನಲ್ಲಿ ಹಾಸ್ಯಭರಿತವಾದ ನಿಸರ್ಗಪ್ರಬಂಧಗಳನ್ನು ಬರೆದರು. ಗೋವೆಯ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾ ಜ್ವರದ ಹಾವಳಿಯನ್ನು ಪರಿಶೀಲಿಸುತ್ತಿದ್ದಾಗ ಅವರಿಗೆ ಸಿಕ್ಕ ಹೊಸ ಜಾತಿಯ ಸೊಳ್ಳೆಯೊಂದು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಸೊಳ್ಳೆಯ ಮೂಲಕ ಅಮರರಾಗುವ ಯೋಗ ಎಲ್ಲರಿಗೂ ಬರುವಂಥದಲ್ಲ!

ಏಟ್ಕೆನ್‌ರಿಗೆ ಜತೆಯಾದವರು ಜಿಲ್ಲೆಯ ಕಲೆಕ್ಟರರಾಗಿದ್ದ ಜೇಮ್ಸ್ ಡೇವಿಡ್‌ಸನ್. ಇವರಿಬ್ಬರ ಸಹವಾಸಕ್ಕೆ ಬಂದು ಸೇರಿದ ಮೂರನೆಯವರೇ ನಮ್ಮ ಕಥಾನಾಯಕ ಥಾಮಸ್ ರೀಡ್ ಡೇವಿಸ್ ಬೆಲ್. 1863ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಬೆಲ್ ಸಾಹೇಬರು 1884ರಲ್ಲಿ ಅರಣ್ಯ ಇಲಾಖೆಗೆ ಸೇರಿ ಮುಂಬಯಿ ಪ್ರಾಂತಕ್ಕೆ ಬಂದರು. ಉಪ್ಪಿನ ಅಧಿಕಾರಿ, ಕಲೆಕ್ಟರ್, ಕಾಡಿನ ಅಧಿಕಾರಿ: ಈ ಮೂವರೂ ಕಚೇರಿಯ ಕಾಗದಪತ್ರಗಳನ್ನು ಮುಗಿಸಿದ ಮೇಲೆ ಮಾಡುತ್ತಿದ್ದ ಕೆಲಸವೆಂದರೆ ಕಂಬಳಿಹುಳುಗಳನ್ನು ಸಾಕುವುದು!

ವಾಚಕರು ನಗಬಹುದು. ಆದರೆ ಆ ಕೆಲಸದ ಹಿಂದಿನ ವಿಚಾರವನ್ನು ನೋಡಿರಿ. ಅಂದಿನ ಸಂಗ್ರಾಹಕರಲ್ಲಿ ಹೆಚ್ಚಿನವರು ಬಣ್ಣದ ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿಟ್ಟು ತೃಪ್ತರಾಗುತ್ತಿದ್ದರು. ಚಿಟ್ಟೆ ಎಲ್ಲಿ ಹುಟ್ಟಿತು, ಏನು ತಿಂದು ಬೆಳೆಯಿತು, ಯಾವ ಶತ್ರುವಿನಿಂದ ಹೇಗೆ ಪಾರಾಯಿತು ಎಂಬ ಪ್ರಶ್ನೆಗಳಿಗೆ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಅವುಗಳಿಗೆ ಉತ್ತರ ಬೇಕಾದರೆ ಎಲೆಯ ಅಡಿಯಲ್ಲಿರುವ ಸಾಸಿವೆಯಷ್ಟು ತತ್ತಿಯನ್ನು ಹುಡುಕಬೇಕು. ಅದು ಒಡೆದು ಹುಳುವಾದ ಮೇಲೆ ಅದಕ್ಕೆ ಬೇಕಾದ ಎಲೆಯನ್ನೇ ದಿನವೂ ತಂದು ಹಾಕಬೇಕು. ಅದು ಪೊರೆ ಕಳಚುವಾಗಲೆಲ್ಲ ರೂಪವನ್ನು ಬರೆದಿಡಬೇಕು. ಕೋಶ ಕಟ್ಟಿ, ಕೋಶ ಒಡೆದು, ರೆಕ್ಕೆ ಬಿಚ್ಚುವ ತನಕ ಕಾಯಬೇಕು.

ಇದರಲ್ಲಿ ಇನ್ನೊಂದು ತೊಡಕಿದೆ. ಅನೇಕ ಹುಳುಗಳು ತಮಗೆ ಗೊತ್ತಾದ ಒಂದೆರಡು ಜಾತಿಯ ಗಿಡಗಳನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಉಪವಾಸ ಬಿದ್ದು ಸಾಯುತ್ತವೆ. ಮೈಸೂರು ಮಲ್ಲಿಗೆಯಷ್ಟು ಸುಲಭವಾಗಿ ಗುರುತು ಹತ್ತುವ ಗಿಡವಾದರೆ ಸರಿ. ದಟ್ಟ ಕಾಡಿನ ಬಳ್ಳಿಯಾದರೆ? ಹುಳುವನ್ನು ಬಲ್ಲವನು ಗಿಡವನ್ನೂ ಬಲ್ಲವನಾಗಲೇಬೇಕು. ಹೀಗಾಗಿ ಚಿಟ್ಟೆಗಳಿಂದ ಆರಂಭಿಸಿದ ಬೆಲ್ ಸಾಹೇಬರು ಕ್ರಮೇಣ ಸಸ್ಯಶಾಸ್ತ್ರದಲ್ಲಿಯೂ ಪಾರಂಗತರಾದರು. ಸೆಜ್ವಿಕ್ ಎಂಬ ಐ.ಸಿ.ಎಸ್. ಅಧಿಕಾರಿಯೊಡನೆ ಕೂಡಿ ಈ ಜಿಲ್ಲೆಯ ಸಸ್ಯಗಳನ್ನು ಸಂಗ್ರಹಿಸಿದರು.

ಅವರು ಕಂಡ ಲೋಕ ನಮ್ಮ ಹಿತ್ತಿಲಿನದೇ. ಕಣಗಿಲೆಯ ಎಲೆ ತಿಂದು ಬೆಳೆಯುವ ಕಪ್ಪು ಚಿಟ್ಟೆಯ ಕೋಶವು ಎರಕ ಹೊಯ್ದ ಬೆಳ್ಳಿಯ ಗುಂಡಿನಂತೆ ಹೊಳೆಯುತ್ತದೆ. ನಂದಿಬಟ್ಟಲಿನ ಗಿಡದಲ್ಲಿ ಕಾಣುವ ದಪ್ಪ ಹಸಿರು ಹುಳುವಿಗೆ ಮುಂಭಾಗದಲ್ಲಿ ನೀಲಿಯ ಎರಡು ಹುಸಿಗಣ್ಣುಗಳಿವೆ; ಹಕ್ಕಿ ಬಂದೊಡನೆ ಅವುಗಳನ್ನು ತೋರಿಸಿ ಹೆದರಿಸುತ್ತದೆ. ಕೆಲವು ಪುಟ್ಟ ನೀಲಿ ಚಿಟ್ಟೆಗಳ ಹುಳುಗಳು ಮೈಯಿಂದ ಸಿಹಿರಸವನ್ನು ಒಸರಿಸುತ್ತವೆ. ಇರುವೆಗಳು ಆ ರಸದ ಆಸೆಗೆ ಹುಳುವನ್ನು ಮುತ್ತಿ ಕಾಯುತ್ತವೆ. ಕಚ್ಚಿದರೆ ಕಣ್ಣಲ್ಲಿ ನೀರು ತರಿಸುವ ನಮ್ಮ ಮಾವಿನ ಮರದ ಕೆಂಪಿರುವೆಯೂ ಇಂಥ ದಾದಿಯ ಕೆಲಸವನ್ನು ಮಾಡುತ್ತದೆ.

ಡೇವಿಡ್‌ಸನ್, ಬೆಲ್ ಮತ್ತು ಏಟ್ಕೆನ್ ಮೂವರ ಹೆಸರಿನಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಕುರಿತಾದ ಲೇಖನಮಾಲೆಯು 1896ರಿಂದ ಮುಂಬಯಿ ಸಂಘದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳನ್ನು ಕುರಿತು ಬೆಲ್ ಸಾಹೇಬರೊಬ್ಬರೇ 1909ರಿಂದ 1927ರ ವರೆಗೆ ಭಾಗಭಾಗವಾಗಿ ಬರೆದರು. ಅವರು 1920ರಲ್ಲಿ ನಿವೃತ್ತರಾದರು. ಇತರ ಅಧಿಕಾರಿಗಳಂತೆ ಹಡಗು ಹತ್ತಿ ಸ್ವದೇಶಕ್ಕೆ ಹೋಗಬಹುದಾಗಿತ್ತು, ಹೋಗಲಿಲ್ಲ. ಕಾರವಾರದಲ್ಲಿಯೇ ನೆಲೆಸಿದರು. 1937ರಲ್ಲಿ, 74ರ ಸಮೀಪದ ವಯಸ್ಸಿನಲ್ಲಿ, ಮೇಜರ್ ಸ್ಕಾಟ್ ಎಂಬವರ ಸಹಭಾಗದಲ್ಲಿ ಒಂದು ದೊಡ್ಡ ಗ್ರಂಥವನ್ನು ಹೊರತಂದರು. ಸಂಜೆಗತ್ತಲಲ್ಲಿ ಹೂವಿನೆದುರು ಗಾಳಿಯಲ್ಲಿಯೇ ನಿಂತು, ಉದ್ದನೆಯ ಸೊಂಡಿಲಿನಿಂದ ಮಧು ಹೀರುತ್ತವಲ್ಲ, ಆ ಪತಂಗಗಳ ಕುರಿತಾದ ಗ್ರಂಥವದು. ಭಾರತದ ಪ್ರಾಣಿವರ್ಗವನ್ನು ವರ್ಣಿಸುವ ಪ್ರಸಿದ್ಧ ಮಾಲೆಯಲ್ಲಿ ಅದು ಸೇರಿದೆ. ದೇಶ ಸ್ವತಂತ್ರವಾದ ಮೇಲೂ ಅವರು ಇಲ್ಲಿಂದ ಕದಲಲಿಲ್ಲ. 1948ರಲ್ಲಿ ಅವರ ಬಾಳು ಮುಗಿಯಿತು.

ಈ ಬಾಳಿಗೆ ಇನ್ನೊಂದು ಮುಖವೂ ಇದೆಯೆಂಬುದನ್ನು ಮರೆಯಲಾಗದು. ಆ ಕಾಲದ ಅರಣ್ಯ ಇಲಾಖೆ ಪರರಾಜ್ಯದ ಇಲಾಖೆ. ತೇಗದ ಮರ ಅದಕ್ಕೆ ಹಣದ ಗಂಟು. ಕುಮರಿ ಬೇಸಾಯವನ್ನು ನಂಬಿ ಬದುಕಿದ್ದ ಬಡ ಒಕ್ಕಲುಗಳಿಗೆ ಅದರ ಕಾನೂನು ಕಂಟಕ. ಏಟ್ಕೆನ್ ಸಾಹೇಬರು ದುಡಿದ ಉಪ್ಪಿನ ಇಲಾಖೆಯ ಕಾಯಿದೆಯನ್ನೇ 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನರು ಮುರಿದು ಸೆರೆಮನೆಗೆ ಹೋದರು. ಸಾಹೇಬರುಗಳ ಪಾಂಡಿತ್ಯವನ್ನು ಗೌರವಿಸುವಾಗ ಈ ಇತಿಹಾಸವನ್ನೂ ನೆನಪಿಡುವುದು ನ್ಯಾಯ.

ಸಸಿಮಡಿಯ ತಾಯಿ

ಇನ್ನು ಮೂರನೆಯವರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಒಕ್ಕಲು ಸಮಾಜದಲ್ಲಿ ಹುಟ್ಟಿದವರು. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ತಾಯಿ ಸಸಿತೋಟದಲ್ಲಿ ದಿನಗೂಲಿ. ಮಗಳು ತಾಯಿಯ ಸೆರಗು ಹಿಡಿದು ಅಲ್ಲಿಗೇ ಹೋದಳು. ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯ ಬರಲಿಲ್ಲ. ಬಾಲ್ಯದಲ್ಲಿಯೇ ಮದುವೆಯೂ ಆಯಿತು. ಬೆಲ್ ಸಾಹೇಬರು ಮುಖ್ಯಾಧಿಕಾರಿಯಾಗಿ ನಿವೃತ್ತರಾದ ಅದೇ ಕಾಡುಗಳಲ್ಲಿ, ಅದೇ ಇಲಾಖೆಯ ಉತ್ತರಾಧಿಕಾರಿಯಾದ ನಮ್ಮ ರಾಜ್ಯದ ಅರಣ್ಯ ಇಲಾಖೆಯಲ್ಲಿ, ತುಳಸಿಯವರು ಮೂರು ದಶಕಗಳಿಗೂ ಮಿಕ್ಕಿ ದಿನಗೂಲಿಯಾಗಿ ದುಡಿದರು. ಅವರ ತಿಳಿವಳಿಕೆಯನ್ನು ಕಂಡ ಮೇಲೆ ಇಲಾಖೆಯು ಕೆಲಸವನ್ನು ಕಾಯಂ ಮಾಡಿತು.

ಆ ತಿಳಿವಳಿಕೆಯಾದರೂ ಎಂಥದು? ಕಾಡಿನಲ್ಲಿ ಒಂದು ಜಾತಿಯ ನೂರು ಮರಗಳಿದ್ದರೂ ಬೀಜಕ್ಕೆ ಯೋಗ್ಯವಾದ ತಾಯಿಮರ ಯಾವುದೆಂದು ಗುರುತಿಸುವುದು. ಅದರ ಕಾಯಿ ಯಾವ ತಿಂಗಳಿನಲ್ಲಿ, ಯಾವ ಹದಕ್ಕೆ ಬಂದಾಗ ಬೀಜ ಆಯಬೇಕೆಂದು ಅರಿಯುವುದು. ಆಯ್ದ ಬೀಜವನ್ನು ಹೇಗೆ ಮೊಳಕೆ ಬರಿಸಬೇಕೆಂದು ಬಲ್ಲವರಾಗಿರುವುದು. ಇದು ಸಣ್ಣ ವಿದ್ಯೆಯೆಂದು ಯಾರೂ ತಿಳಿಯಬಾರದು. ಹಲಸಿನ ಬೀಜವನ್ನು ನೋಡಿರಿ: ಒಣಗಿಸಿಟ್ಟರೆ ಅದರ ಜೀವವೇ ಹೋಗುತ್ತದೆ, ಹಸಿಯಿದ್ದಾಗಲೇ ಊರಬೇಕು. ತೇಗದ ಬೀಜದ ರೀತಿ ಇದಕ್ಕೆ ತೀರ ವಿರುದ್ಧ: ಅದರ ಗಟ್ಟಿಯಾದ ಕವಚ ಸಡಿಲಾಗಬೇಕಾದರೆ ಹಲವು ಸಲ ನೀರಿನಲ್ಲಿ ನೆನೆಸಿ, ಹಲವು ಸಲ ಬಿಸಿಲಿಗೆ ಒಣಗಿಸಬೇಕು. ಒಂದಕ್ಕೆ ಅಮೃತವಾದುದು ಇನ್ನೊಂದಕ್ಕೆ ವಿಷ. ನಮ್ಮ ಸಹ್ಯಾದ್ರಿಯಲ್ಲಿ ಮರಗಳ ಜಾತಿ ನೂರಾರು. ಪ್ರತಿಯೊಂದಕ್ಕೂ ತನ್ನದೇ ಆದ ಹಟ, ತನ್ನದೇ ಆದ ಕಾಲ. ಇವನ್ನೆಲ್ಲ ಅಕ್ಷರವರಿಯದ ತಾಯಿಯೊಬ್ಬರು ಕಣ್ಣಿನಿಂದಲೂ ಕೈಬೆರಳಿನಿಂದಲೂ ಕಲಿತು ನೆನಪಿನಲ್ಲಿಟ್ಟುಕೊಂಡಿದ್ದರು. ಜನರು ಅವರನ್ನು ಕಾಡಿನ ವಿಶ್ವಕೋಶವೆಂದು ಕರೆದುದರಲ್ಲಿ ಅತಿಶಯೋಕ್ತಿಯಿಲ್ಲ.

1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, ಬಳಿಕ 2020ನೆಯ ಸಾಲಿನ ಪದ್ಮಶ್ರೀ ಅವರನ್ನು ಅರಸಿಕೊಂಡು ಬಂದವು. 2021ರ ನವೆಂಬರಿನಲ್ಲಿ ಆ ಪದ್ಮಶ್ರೀಯನ್ನು ಸ್ವೀಕರಿಸಲು ಅವರು ದಿಲ್ಲಿಯ ರಾಷ್ಟ್ರಪತಿಭವನದ ನೆಲಹಾಸಿನ ಮೇಲೆ ಬರಿಗಾಲಿನಲ್ಲಿ, ಹಾಲಕ್ಕಿ ಹೆಂಗಸರ ಸೀರೆ ಮತ್ತು ಮಣಿಸರಗಳಲ್ಲಿ ನಡೆದುಬಂದುದನ್ನು ದೇಶವೆಲ್ಲ ನೋಡಿತು. 2024ರ ಡಿಸೆಂಬರ್ 16ರಂದು ಹೊನ್ನಳ್ಳಿಯಲ್ಲಿಯೇ ಅವರು ಕಣ್ಣುಮುಚ್ಚಿದರು.

ಉಳಿದದ್ದು, ಅಳಿದದ್ದು

ಈ ಮೂವರನ್ನು ಒಂದೇ ಪುಟದಲ್ಲಿ ಕೂಡಿಸಿದುದಕ್ಕೆ ಕಾರಣವನ್ನು ವಾಚಕರು ಈಗಾಗಲೇ ಊಹಿಸಿರಬಹುದು. ನಿಸ್ಸೀಮವು ಸೀಮಿತವಾದುದರಲ್ಲಿಯೇ ಸಿಕ್ಕುತ್ತದೆಂಬುದು ಕವಿಯ ದರ್ಶನ. ಬೆಲ್ ಸಾಹೇಬರೂ ತುಳಸಿ ಗೌಡರೂ ಆ ನಾಟಕವನ್ನು ಓದಿದ್ದರೆಂದಾಗಲಿ, ಆ ತತ್ತ್ವವನ್ನು ಚರ್ಚಿಸಿದ್ದರೆಂದಾಗಲಿ ಯಾರೂ ಹೇಳುವುದಿಲ್ಲ. ಆದರೆ ಒಬ್ಬರು ಎಲೆಯ ಮೇಲಿನ ಹುಳುವಿನ ಮುಂದೆ, ಇನ್ನೊಬ್ಬರು ಅಂಗೈ ಮೇಲಿನ ಬೀಜದ ಮುಂದೆ ಬಾಳೆಲ್ಲ ಕುಳಿತು ಅದನ್ನೇ ಮಾಡಿ ತೋರಿಸಿದರು.

ಆದರೆ ಇಬ್ಬರ ಜ್ಞಾನಕ್ಕೆ ಒದಗಿದ ಗತಿಯಲ್ಲಿ ಅಂತರವಿದೆ. ನಮ್ಮ ಚಿಂತೆಗೆ ವಿಷಯವಾಗಬೇಕಾದುದು ಅದೇ. ಬೆಲ್ ಸಾಹೇಬರು ಕಂಡುದೆಲ್ಲ ಅಚ್ಚಾಯಿತು. 1890ರ ದಶಕದಲ್ಲಿ ಈ ಜಿಲ್ಲೆಯಲ್ಲಿ ಯಾವ ಚಿಟ್ಟೆಯಿತ್ತು, ಯಾವ ಗಿಡವನ್ನು ತಿನ್ನುತ್ತಿತ್ತು ಎಂಬುದಕ್ಕೆ ಇಂದು ಲಿಖಿತ ಸಾಕ್ಷಿಯಿದೆ. ಅಂದಿನಿಂದ ಈಚೆಗೆ ಕಾಳಿಗೆ ಅಣೆಕಟ್ಟುಗಳು ಬಂದವು, ಕೈಗಾದಲ್ಲಿ ಅಣುವಿದ್ಯುತ್ ಕೇಂದ್ರ ಬಂತು, ಕಡಲದಂಡೆಯಲ್ಲಿ ನೌಕಾನೆಲೆ ಬಂತು, ಹೆದ್ದಾರಿ ಅಗಲವಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿಯ ಮೇಲೆ ಬಿದ್ದು ಜೀವಗಳನ್ನು ಬಲಿ ತೆಗೆದುಕೊಂಡಿತು. ಇಷ್ಟು ಬದಲಾದ ನೆಲದಲ್ಲಿ ಏನು ಉಳಿದಿದೆ, ಏನು ಅಳಿದಿದೆ ಎಂದು ಕೇಳಬೇಕಾದರೆ ಮೊದಲು ಏನಿತ್ತೆಂಬುದರ ಲೆಕ್ಕ ಬೇಕು. ಹುಳು ಸಾಕಿದ ಸಾಹೇಬರು ನಮಗೆ ಬಿಟ್ಟುಹೋದುದು ಆ ಲೆಕ್ಕವನ್ನು. ಅದು ಇಂಗ್ಲಿಷಿನಲ್ಲಿದೆ, ಹಳೆಯ ಸಂಪುಟಗಳಲ್ಲಿದೆ ಎಂಬುದು ಕೊರತೆ, ಆದರೂ ಇದೆ.

ತುಳಸಿ ಗೌಡರ ವಿದ್ಯೆ ಅವರಿಂದ ಕೇಳಿ ಕಲಿತವರ ಕೈಯಲ್ಲಿದೆ. ಅವರು ಬೆಳೆಸಿದ ಮರಗಳಲ್ಲಿದೆ. ಆದರೆ ನೆನಪಿನಲ್ಲಿದ್ದ ಎಷ್ಟೋ ಸೂಕ್ಷ್ಮಗಳು ನೆನಪಿನೊಡನೆಯೇ ಹೋಗುವಂಥವು. ಪ್ರಶಸ್ತಿ ಕೊಡುವುದರಲ್ಲಿ ನಾವು ಹಿಂದುಳಿಯಲಿಲ್ಲ. ಆಕೆಯಂಥವರ ಪಕ್ಕದಲ್ಲಿ ಒಂದು ನೋಟುಬುಕ್ಕು ಹಿಡಿದು, ವರ್ಷದ ಹನ್ನೆರಡು ತಿಂಗಳೂ ಕುಳಿತು, ಮರಮರದ ಕಥೆಯನ್ನು ಕನ್ನಡದಲ್ಲಿ ಬರೆದುಕೊಳ್ಳುವುದರಲ್ಲಿ ಹಿಂದುಳಿದಿದ್ದೇವೆ. ಓದುಬರಹ ಬಲ್ಲವರೆಂದು ಹೆಮ್ಮೆಪಡುವ ನಾವು ಮಾಡಬೇಕಾಗಿದ್ದ ಕೆಲಸವದು. ಅಂಥ ಹಿರಿಯರು ಹಾಲಕ್ಕಿಗಳ ಕೊಪ್ಪಗಳಲ್ಲಿ, ಮೀನುಗಾರರ ಕೇರಿಗಳಲ್ಲಿ, ನಮ್ಮ ನಮ್ಮ ಮನೆಗಳ ಜಗುಲಿಯಲ್ಲಿಯೂ ಇದ್ದಾರೆ. ಯಾವ ಗಾಳಿ ಬೀಸಿದರೆ ಯಾವ ಮೀನು, ಯಾವ ಹೂವು ಅರಳಿದರೆ ಎಷ್ಟು ದಿನಕ್ಕೆ ಮಳೆ ಎಂದು ಬಲ್ಲ ಅಜ್ಜ ಅಜ್ಜಿಯರು ಅವರು.

ಬೇಸಿಗೆಯ ರಜೆಯಲ್ಲಿ ಮಕ್ಕಳಿಗೆ ಏನು ಮಾಡಿಸೋಣವೆಂದು ಕೇಳುವ ತಂದೆತಾಯಿಗಳಿಗೆ ನನ್ನದೊಂದು ಸಲಹೆಯಿದೆ. ಹಿತ್ತಿಲಿನಲ್ಲಾಗಲಿ, ಬಾಲ್ಕನಿಯ ಕುಂಡದಲ್ಲಾಗಲಿ ಒಂದು ಕರಿಬೇವಿನ ಗಿಡವಿದ್ದರೆ ಸಾಕು. ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳುವೊಂದು ಸಿಕ್ಕಿದರೆ ಅದನ್ನು ಹೊಸಕಿ ಹಾಕಬೇಡಿರಿ. ಗಾಜಿನ ಜಾಡಿಯಲ್ಲಿ ಎಲೆಸಹಿತ ಇಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನವೂ ಹೊಸ ಎಲೆ ಹಾಕಿರಿ. ಕೆಲವು ದಿನಗಳಲ್ಲಿ ಅದು ಎಲೆಯ ಹಸಿರನ್ನೇ ಹೊದೆಯುವುದನ್ನೂ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಚಾಚಿ ವಾಸನೆ ಬೀರುವುದನ್ನೂ, ಕೋಶ ಕಟ್ಟುವುದನ್ನೂ, ಕೊನೆಗೆ ಚಿಟ್ಟೆಯಾಗಿ ಹೊರಬರುವುದನ್ನೂ ಮೂರು ನಾಲ್ಕು ವಾರಗಳಲ್ಲಿ ಮಗು ನೋಡುತ್ತದೆ. ನೋಡಿದುದನ್ನು ತಾರೀಖು ಸಹಿತ ಕನ್ನಡದಲ್ಲಿ ಬರೆಯಲು ಹೇಳಿರಿ. ಅದೇ ಪುಸ್ತಕದ ಇನ್ನೊಂದು ಬದಿಯಲ್ಲಿ, ಊರಿನ ಅಜ್ಜಿಯೊಬ್ಬರನ್ನು ಕೇಳಿ, ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂದು ಬರೆದುಕೊಳ್ಳಲಿ. ಅಜ್ಜಿಯ ಹೆಸರನ್ನೂ ಕೆಳಗೆ ಬರೆಯಲಿ.